‘ಎಲ್ಲರೂ ಸಹಿ ಹಾಕಿದ್ದಾರೆ, ನಿನಗೇನು ಕಷ್ಟ?’

ಪ್ರಶ್ನೆ: ಮೇಡಂ, ನಾನು ಸಕಲೇಶಪುರ ಕಡೆಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸ್ ಓದುತ್ತಿದ್ದೇನೆ. ಸೆಂಡ್‌ಆಫ್‌ಗೆ ಅಂತ ಎಲ್ಲರ ಹತ್ತಿರ ದುಡ್ಡು ಎತ್ತಿ ಕ್ಲಾಸ್ ಲೀಡರ್ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದ. ಅದು ಕಾಣೆಯಾಗಿದೆ. ನಮ್ಮ ಕ್ಲಾಸಿನ ಒಬ್ಬ ಹುಡುಗ ಕಾಫಿ ಎಸ್ಟೇಟಿನ ಲೈನ್ ಮನೆಯಿಂದ, ಅಂದರೆ ಕೂಲಿಯವರ ಸಾಲು ಮನೆಯಿಂದ ಬರುತ್ತಾನೆ. ಅವನೇ ತೆಗೆದಿದ್ದು ಅಂತ ಲೀಡರ್ ಮತ್ತು ಅವನ ಗೆಳೆಯರು ಹೇಳಿದರು. ಶಿಸ್ತು ನೋಡಿಕೊಳ್ಳುವ ಸರ್ ಒಂದು ಹಾಳೆ ಬರೆಸಿದರು. ‘ಅವನು ಬ್ಯಾಗಿಗೆ ಕೈ ಹಾಕಿದ್ದನ್ನು ನಾವೆಲ್ಲ ನೋಡಿದ್ದೇವೆ’ ಅಂತ ಅದರಲ್ಲಿದೆ. ಎಲ್ಲರೂ ಸಹಿ ಹಾಕಿದರು. ನಾನು ನೋಡಿರಲಿಲ್ಲ, ಅದಕ್ಕೆ ಹಾಕಲಿಲ್ಲ. ಈಗ ಯಾರೂ ನನ್ನ ಜೊತೆ ಮಾತಾಡಲ್ಲ. ‘ಹರಿಶ್ಚಂದ್ರ ಬಂದ’ ಅಂತ ರೇಗಿಸುತ್ತಾರೆ. ಸರ್ ಸ್ಟಾಫ್ ರೂಮಿಗೆ ಕರೆದು ‘ಇಂಟರ್ನಲ್ ಮಾರ್ಕ್ಸ್ ನನ್ನ ಕೈಲಿದೆ, ಸೋಮವಾರದೊಳಗೆ ಯೋಚನೆ ಮಾಡು’ ಅಂದರು. ಅಪ್ಪನಿಗೆ ಹೇಳಿದರೆ ‘ನಿನಗ್ಯಾಕೆ ಊರ ಉಸಾಬರಿ’ ಅಂತಾರೆ. ಸಹಿ ಹಾಕಿಬಿಡಲಾ? ಅವನೇ ನಿಜವಾಗಿ ತೆಗೆದಿದ್ದರೆ ನಾನು ಮಾಡಿದ್ದು ತಪ್ಪಲ್ವಾ?

ಉತ್ತರ: ಸಹಿ ಹಾಕಬೇಡ. ನೀನು ಮಾಡಿದ್ದು ಸರಿ. ಸೋಮವಾರ ಹತ್ತಿರದಲ್ಲೇ ಇದೆ, ಅದಕ್ಕೆ ಇದನ್ನು ಮೊದಲೇ ಹೇಳಿಬಿಟ್ಟೆ. ಉಳಿದದ್ದನ್ನು ನಿಧಾನವಾಗಿ ನೋಡೋಣ.

ನಿನ್ನ ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ರಾತ್ರಿ ನಿದ್ದೆ ಕೆಡಿಸುತ್ತಿರುವುದು ಅದೇ ಇರಬೇಕು. ಅವನು ತೆಗೆದಿರಬಹುದು, ತೆಗೆಯದೆಯೂ ಇರಬಹುದು. ನಿನಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆದರೆ ಆ ಹಾಳೆ ನಿನ್ನನ್ನು ಕೇಳುತ್ತಿರುವುದು ಬೇರೆ. ‘ನಾವೆಲ್ಲ ನೋಡಿದ್ದೇವೆ’ ಅಂತ ಬರೆಸಿದ್ದಾರೆ. ನೀನು ನೋಡಿಲ್ಲ. ನಾಳೆ ದುಡ್ಡು ಅವನ ಬ್ಯಾಗಲ್ಲೇ ಸಿಕ್ಕಿತು ಅಂತಿಟ್ಟುಕೋ. ಆಗಲೂ ನೀನು ನೋಡಿಲ್ಲ ಅನ್ನುವುದು ನಿಜವೇ. ನೀನು ಅವನ ಪರ ವಕಾಲತ್ತು ವಹಿಸಿಲ್ಲ. ಲೀಡರ್ ಮೇಲೆ ಜಗಳಕ್ಕೂ ಹೋಗಿಲ್ಲ. ನೋಡದೇ ಇದ್ದದ್ದನ್ನು ನೋಡಿದೆ ಅಂತ ಬರೆದುಕೊಡಲಾರೆ ಅಂದಿದ್ದೀಯ, ಅಷ್ಟೇ. ಇದನ್ನು ಗಟ್ಟಿಯಾಗಿ ಹಿಡಿದುಕೋ. ಮುಂದಿನದೆಲ್ಲ ಇದರ ಮೇಲೇ ನಿಲ್ಲುತ್ತದೆ.

ಸೋಮವಾರ ಸರ್ ಕರೆದರೆ ಉದ್ದ ಮಾತು ಬೇಡ. ‘ಸರ್, ನಾನು ನೋಡಿಲ್ಲ ಸರ್. ನೋಡಿದ್ದರೆ ಬರೆದುಕೊಡ್ತಿದ್ದೆ.’ ಇಷ್ಟು ಸಾಕು. ಅವರು ಬೈದರೂ ಇದೇ, ಹೆಗಲ ಮೇಲೆ ಕೈ ಹಾಕಿ ನಯವಾಗಿ ಕೇಳಿದರೂ ಇದೇ. ‘ಹಾಗಾದ್ರೆ ಇಡೀ ಕ್ಲಾಸು ಸುಳ್ಳು ಹೇಳ್ತಿದೆಯಾ?’ ಅಂತ ಕೇಳಬಹುದು. ಅದು ಸಿಕ್ಕಿಹಾಕಿಸುವ ಪ್ರಶ್ನೆ. ಹೌದು ಅಂದರೆ ಇಡೀ ಕ್ಲಾಸು ನಿನ್ನ ಮೇಲೆ ಬೀಳುತ್ತದೆ, ಇಲ್ಲ ಅಂದರೆ ಸಹಿ ಹಾಕು ಅಂತಾರೆ. ‘ಅವರ ವಿಷಯ ನನಗೆ ಗೊತ್ತಿಲ್ಲ ಸರ್, ನಾನಂತೂ ನೋಡಿಲ್ಲ’ ಅನ್ನು. ದನಿ ನಡುಗಿದರೆ ನಡುಗಲಿ, ಕಣ್ಣಲ್ಲಿ ನೀರು ಬಂದರೆ ಬರಲಿ. ಮಾತು ಬದಲಾಗದಿದ್ದರೆ ಸಾಕು. ಮನೆಯಲ್ಲಿ ಕನ್ನಡಿ ಮುಂದೆ ನಿಂತು ಎರಡು ಸಲ ಹೇಳಿ ನೋಡಿಕೋ. ಬಾಯಿಗೆ ಅಭ್ಯಾಸವಾಗಿದ್ದರೆ ಭಯದಲ್ಲೂ ಬರುತ್ತದೆ.

ಇದರ ಜೊತೆಗೇ ಒಂದು ಎಚ್ಚರಿಕೆ. ದುಡ್ಡು ಲೀಡರ್ ಹತ್ತಿರವೇ ಇತ್ತಲ್ಲ, ಅವನೇ ಖರ್ಚು ಮಾಡಿರಬಹುದು ಅಂತ ನಿನ್ನ ತಲೆಗೆ ಬಂದಿರಬಹುದು. ಅದನ್ನು ಯಾರ ಹತ್ತಿರವೂ ಹೇಳಬೇಡ. ಅದನ್ನೂ ನೀನು ನೋಡಿಲ್ಲ.

ಈಗ ಆ ‘ಎಲ್ಲರೂ’ ಬಗ್ಗೆ. ಇಡೀ ಕ್ಲಾಸು ಸಹಿ ಹಾಕಿದ ಮಾತ್ರಕ್ಕೆ ಇಡೀ ಕ್ಲಾಸು ನೋಡಿದೆ ಅಂತಲ್ಲ. ಹತ್ತರ ಜೊತೆ ಹನ್ನೊಂದು ಅಂತ ಹಾಕಿದವರೇ ಜಾಸ್ತಿ ಇರುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ 1951ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನಿನಗೆ ಗೊತ್ತಿದ್ದರೆ ಒಳ್ಳೆಯದು. ಒಂದು ಗೆರೆ ತೋರಿಸುತ್ತಾರೆ. ಪಕ್ಕದಲ್ಲಿ ಇನ್ನು ಮೂರು ಗೆರೆ. ಮೊದಲನೆಯದರಷ್ಟೇ ಉದ್ದದ ಗೆರೆ ಯಾವುದು ಅಂತ ಹೇಳಬೇಕು. ಚಿಕ್ಕ ಮಗುವೂ ಹೇಳುವಂಥದ್ದು. ಆದರೆ ಆ ಕೋಣೆಯಲ್ಲಿ ನಿಜವಾಗಿ ಪರೀಕ್ಷೆಗೆ ಬಂದವನು ಒಬ್ಬನೇ. ಉಳಿದವರೆಲ್ಲ ಮೊದಲೇ ಹೇಳಿಕೊಟ್ಟು ಕೂರಿಸಿದವರು. ಕೆಲವು ಸುತ್ತಿನಲ್ಲಿ ಅವರೆಲ್ಲ ಬೇಕಂತಲೇ ಒಂದೇ ತಪ್ಪು ಉತ್ತರವನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಆಮೇಲೆ ಈ ಹುಡುಗನ ಸರದಿ. ಸರಿಯಾದ ಗೆರೆ ಕಣ್ಣ ಮುಂದೆಯೇ ಇದೆ. ಆದರೂ ಅಂಥ ಸುತ್ತುಗಳಲ್ಲಿ ಸುಮಾರು ಮೂರರಲ್ಲಿ ಒಂದರಷ್ಟು ಉತ್ತರಗಳು ಗುಂಪಿನ ತಪ್ಪನ್ನೇ ಹಿಡಿದುಕೊಂಡವು. ನಾಲ್ವರಲ್ಲಿ ಸುಮಾರು ಮೂವರು ಒಂದು ಸಲವಾದರೂ ಗುಂಪಿನ ಹಿಂದೆ ಹೋದರು. ಅವರನ್ನು ಯಾರೂ ಹೆದರಿಸಿರಲಿಲ್ಲ. ಮಾರ್ಕ್ಸ್ ಕಡಿಮೆ ಮಾಡುತ್ತೇನೆ ಅಂದವರೂ ಇರಲಿಲ್ಲ. ಹೀಗಿರುವಾಗ ಮೇಷ್ಟ್ರು ಎದುರು ನಿಂತಿರುವ ಕ್ಲಾಸಿನಲ್ಲಿ ಹಾಳೆ ಬೆಂಚಿಂದ ಬೆಂಚಿಗೆ ಬಂದರೆ ಏನಾಗುತ್ತದೆ ಅಂತ ನೀನೇ ಯೋಚಿಸು. ನಿನ್ನ ಕ್ಲಾಸಿನವರು ಕೆಟ್ಟವರಾಗಿ ಸಹಿ ಹಾಕಿಲ್ಲ. ಹೆದರಿ ಹಾಕಿದ್ದಾರೆ. ಕೆಲವರು ಓದದೆಯೇ ಹಾಕಿರುತ್ತಾರೆ.

ಅದೇ ಪ್ರಯೋಗದಲ್ಲಿ ಇನ್ನೆರಡು ಸಂಗತಿ ಗೊತ್ತಾಯಿತು. ನಿನಗೆ ಬೇಕಾಗಿರುವುದು ಈ ಎರಡೇ. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳುವವನು ಜೊತೆಗಿದ್ದರೆ, ಗುಂಪಿಗೆ ಬಾಗುವುದು ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿಯಿತು. ಇಡೀ ಗುಂಪನ್ನು ಗೆಲ್ಲಬೇಕಾಗಿರಲಿಲ್ಲ, ಒಬ್ಬ ಸಾಕಾಯಿತು. ಎರಡನೆಯದು, ಗಟ್ಟಿಯಾಗಿ ಹೇಳುವ ಬದಲು ತನ್ನಷ್ಟಕ್ಕೆ ಹಾಳೆಯಲ್ಲಿ ಬರೆಯಲು ಬಿಟ್ಟಾಗಲೂ ತಪ್ಪು ಬಹಳ ಕಡಿಮೆಯಾಯಿತು.

ಮೊದಲನೆಯದನ್ನು ನೀನು ಮಾಡು. ಎರಡನೆಯದನ್ನು ನಿಮ್ಮ ಅಪ್ಪ ಹೆಡ್‌ಮಾಸ್ಟರ್ ಹತ್ತಿರ ಕೇಳಲಿ. ಅದಕ್ಕೆ ಆಮೇಲೆ ಬರುತ್ತೇನೆ.

ಆ ಒಬ್ಬ ಯಾರು? ಹುಡುಕಿದರೆ ಇರುತ್ತಾನೆ. ಫಿನ್ಲೆಂಡಿನಲ್ಲಿ ಕ್ರಿಸ್ಟೀನಾ ಸಾಲ್ಮಿವಾಲಿ ಮತ್ತು ಜೊತೆಗಾರರು 1996ರಲ್ಲಿ ಶಾಲಾ ಮಕ್ಕಳ ಮೇಲೆ ಒಂದು ಅಧ್ಯಯನ ಮಾಡಿದರು. ಒಬ್ಬನಿಗೆ ಕಾಟ ಕೊಡುವಾಗ ಕ್ಲಾಸಿನ ಉಳಿದವರು ಏನು ಮಾಡುತ್ತಾರೆ ಅಂತ ನೋಡಿದರು. ಕೈ ಜೋಡಿಸುವವರು, ನಕ್ಕು ಹುರಿದುಂಬಿಸುವವರು, ದೂರ ಸರಿಯುವವರು, ಪರ ನಿಲ್ಲುವವರು, ಹೀಗೆ ಬೇರೆ ಬೇರೆ. ನೀನು ನೋಡಬೇಕಾದ್ದು ದೂರ ಸರಿಯುವವರ ಕಡೆ. ‘ಹರಿಶ್ಚಂದ್ರ’ ಅಂದಾಗ ನಗದೇ ಪುಸ್ತಕ ನೋಡುತ್ತಾ ಕೂತವನು ಯಾರು? ಎಲ್ಲರೂ ಮಾತು ಬಿಟ್ಟಿದ್ದರೂ ಬಸ್ಸಿನಲ್ಲಿ ನಿನ್ನನ್ನು ಕಂಡಾಗ ತಲೆ ತಗ್ಗಿಸುವವನು ಯಾರು? ಅವನಿಗೆ ಮನಸ್ಸಿನಲ್ಲಿ ಚುಚ್ಚುತ್ತಿದೆ. ಅವನ ಹತ್ತಿರ ‘ಯಾಕೋ ಸಹಿ ಹಾಕಿದೆ?’ ಅಂತ ಕೇಳಬೇಡ. ಸಹಿ ವಾಪಸ್ ತಗೋ ಅಂತಲೂ ಹೇಳಬೇಡ. ಊಟದ ಹೊತ್ತಿಗೆ ಜೊತೆಗೆ ಕೂರು ಅಂತ ಕೇಳು, ಅಷ್ಟೇ. ಗಣಿತದ ಒಂದು ಲೆಕ್ಕ ಹೇಳಿಕೊಡು ಅನ್ನು. ಕ್ಲಾಸಿನ ಕಣ್ಣಿಗೆ ನೀವಿಬ್ಬರು ಒಟ್ಟಿಗೆ ಕಂಡ ದಿನ ಆ ಬಹಿಷ್ಕಾರದ ಬಲ ಅರ್ಧ ಹೋಗುತ್ತದೆ. ಅವನು ಒಪ್ಪದಿದ್ದರೆ ಪಕ್ಕದ ಸೆಕ್ಷನ್ನಿನವನು ಆಗಬಹುದು, ಒಂಬತ್ತನೇ ಕ್ಲಾಸಿನವನೂ ಆಗಬಹುದು.

ರೇಗಿಸುವುದಕ್ಕೆ ಉತ್ತರ ಕೊಡಲು ಹೋಗಬೇಡ. ಅವರಿಗೆ ಬೇಕಿರುವುದು ನಿನ್ನ ಸಿಟ್ಟು. ವಾಟ್ಸಾಪ್ ಸ್ಟೇಟಸ್ಸಿನಲ್ಲಿ, ಕ್ಲಾಸ್ ಗ್ರೂಪಿನಲ್ಲಿ ಒಂದಕ್ಷರವೂ ಹಾಕಬೇಡ. ಸಿಟ್ಟಿನಲ್ಲಿ ಬರೆದದ್ದರ ಸ್ಕ್ರೀನ್‌ಶಾಟ್ ಸರ್ ಮೇಜಿನ ಮೇಲಿದ್ದರೆ ಮಾತೆಲ್ಲ ಅದರ ಮೇಲೇ ತಿರುಗುತ್ತದೆ. ನಿನ್ನ ಸಹಿಯ ವಿಷಯ ಹಿಂದೆ ಬೀಳುತ್ತದೆ.

ಇನ್ನು ಸರ್ ಕೊಟ್ಟ ಬೆದರಿಕೆ. ಇದರ ಬಗ್ಗೆ ನನಗೆ ನಿಜವಾಗಿಯೂ ಸಿಟ್ಟಿದೆ. ಮಕ್ಕಳ ಜಗಳ ಮಕ್ಕಳದ್ದು, ಅದನ್ನು ಬಿಡಿಸಬಹುದು. ಆದರೆ ದೊಡ್ಡವರೊಬ್ಬರು ತಮ್ಮ ಕೈಲಿರುವ ಅಂಕವನ್ನು ತೋರಿಸಿ ಮಗುವಿನಿಂದ ಸುಳ್ಳು ಬರೆಸಲು ಹೊರಟರೆ ಅದಕ್ಕೆ ಶಿಸ್ತು ಅಂತ ಹೆಸರಿಡಲು ನಾನು ಒಪ್ಪುವುದಿಲ್ಲ. ಆದರೂ ನೀನು ಹೆದರಿರುವಷ್ಟು ಅಧಿಕಾರ ಅವರಿಗಿಲ್ಲ. ಎಸ್‌ಎಸ್‌ಎಲ್‌ಸಿ ಒಟ್ಟು 625 ಅಂಕ. ಅದರಲ್ಲಿ ಶಾಲೆ ಕೊಡುವ ಆಂತರಿಕ ಅಂಕ 125. ಪ್ರಥಮ ಭಾಷೆಗೆ 25, ಉಳಿದ ಐದು ವಿಷಯಕ್ಕೆ ತಲಾ 20. ಅಂದರೆ ಒಂದು ವಿಷಯ ಕಲಿಸುವ ಮೇಷ್ಟ್ರ ಕೈಲಿರುವುದು ಆ ವಿಷಯದ ಅಂಕ ಮಾತ್ರ. ಉಳಿದ 500 ಅಂಕದ ಪತ್ರಿಕೆಗಳನ್ನು ತಿದ್ದುವವರಿಗೆ ನೀನು ಯಾರು ಅಂತಲೇ ಗೊತ್ತಿರುವುದಿಲ್ಲ. ಆಂತರಿಕ ಅಂಕವೂ ಬಾಯಿಗೆ ಬಂದಂತೆ ಹಾಕುವುದಲ್ಲ. ವರ್ಷವಿಡೀ ನಡೆದ ರೂಪಣಾತ್ಮಕ ಪರೀಕ್ಷೆ (ಎಫ್‌ಎ), ಚಟುವಟಿಕೆ, ಪ್ರಾಜೆಕ್ಟ್ ಇವುಗಳ ದಾಖಲೆ ಅದರ ಹಿಂದೆ ಇರಬೇಕು. ಆದ್ದರಿಂದ ಈಗಲೇ ಒಂದು ಕೆಲಸ ಮಾಡು. ಎಫ್‌ಎ ಪರೀಕ್ಷೆಗಳ ತಿದ್ದಿದ ಹಾಳೆ, ಪ್ರಾಜೆಕ್ಟ್ ಪುಸ್ತಕ, ಪ್ರಗತಿ ಪತ್ರ ಎಲ್ಲವನ್ನೂ ಒಂದು ಕವರಿನಲ್ಲಿ ಹಾಕಿಡು. ಶಾಲೆಗೆ ವಾಪಸ್ ಕೊಡಬೇಕಾದ್ದನ್ನು ಫೋಟೋ ತೆಗೆದಿಟ್ಟುಕೋ. ಇಷ್ಟು ದಿನ 18, 19 ಬರುತ್ತಿದ್ದ ಹುಡುಗನಿಗೆ ಇದ್ದಕ್ಕಿದ್ದಂತೆ 10 ಬಂದರೆ ಕೇಳಲು ಆಧಾರ ಬೇಕಲ್ಲ.

ಹಾಲ್ ಟಿಕೆಟ್ ತಡೆಯುತ್ತೇನೆ ಅಂತಲೂ ಅನ್ನಬಹುದು. ಅದನ್ನು ಕೊಡುವುದು ಬೆಂಗಳೂರಿನ ಪರೀಕ್ಷಾ ಮಂಡಳಿ. ಒಬ್ಬ ಮೇಷ್ಟ್ರಿಗೆ ಸಿಟ್ಟು ಬಂತು ಅಂತ ಅದು ನಿಲ್ಲುವುದಿಲ್ಲ. ಹಾಜರಾತಿ ಮಾತ್ರ ಕಡಿಮೆಯಾಗಲು ಬಿಡಬೇಡ. ಎಷ್ಟೇ ಬೇಜಾರಾದರೂ ರಜೆ ಹಾಕಬೇಡ.

ಸರ್ ಆ ದಿನ ಆಡಿದ ಮಾತನ್ನು ಇವತ್ತೇ ಒಂದು ಪುಸ್ತಕದಲ್ಲಿ ಬರೆದಿಡು. ತಾರೀಖು, ಹೊತ್ತು, ಎಲ್ಲಿ, ಪಕ್ಕದಲ್ಲಿ ಯಾರಿದ್ದರು, ಅವರ ಬಾಯಿಂದ ಬಂದ ಮಾತು ಹಾಗ್ಹಾಗೇ. ನಿನ್ನ ಅಭಿಪ್ರಾಯ ಸೇರಿಸಬೇಡ. ಹದಿನೈದು ದಿನ ಕಳೆದರೆ ಮಾತು ಮರೆತು ಸಿಟ್ಟು ಮಾತ್ರ ಉಳಿಯುತ್ತದೆ. ಆ ಪುಸ್ತಕ ಮನೆಯಲ್ಲಿರಲಿ, ಶಾಲೆಗೆ ತರಬೇಡ.

ಈಗ ಅಪ್ಪ. ‘ಊರ ಉಸಾಬರಿ’ ಅಂತಾರೆ ಅಂದಿದ್ದೀಯ. ನಮ್ಮ ಕಡೆ ಬಹಳ ಮನೆಗಳಲ್ಲಿ ಇದೇ ಮಾತು ಬರುತ್ತದೆ. ಅದರ ಹಿಂದೆ ಇರುವುದು ಭಯ. ಹತ್ತನೇ ಕ್ಲಾಸು ಅಂದರೆ ಇಲ್ಲಿ ಇಡೀ ಮನೆಗೇ ಪರೀಕ್ಷೆ. 2019ರಲ್ಲಿ ಹಾಸನ ಜಿಲ್ಲೆ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ರಾಜ್ಯಕ್ಕೇ ಮೊದಲು ಬಂದಿತ್ತು. ಅಂಥ ಊರಲ್ಲಿ ಮಗ ಮೇಷ್ಟ್ರನ್ನು ಎದುರು ಹಾಕಿಕೊಂಡ ಅಂದರೆ ಅಪ್ಪನ ಎದೆ ಧಸಕ್ಕೆನ್ನುವುದು ಸಹಜ. ಹಾಗಾಗಿ ಮಾತನ್ನು ಆ ಹುಡುಗನಿಂದ ಶುರು ಮಾಡಬೇಡ. ‘ಅಪ್ಪಾ, ನಾನು ನೋಡದೇ ಇರೋದಕ್ಕೆ ಸಹಿ ಹಾಕು ಅಂತಿದಾರೆ. ಹಾಕಿಲ್ಲ ಅಂತ ಇಂಟರ್ನಲ್ ಮಾರ್ಕ್ಸ್ ನನ್ನ ಕೈಲಿದೆ, ಯೋಚನೆ ಮಾಡು ಅಂದಿದಾರೆ’ ಅಂತ ಶುರು ಮಾಡು. ಆಗ ಅದು ಊರ ಉಸಾಬರಿ ಆಗುವುದಿಲ್ಲ, ಅವರ ಮಗನ ವಿಷಯ ಆಗುತ್ತದೆ. ನೋಡದ ವಿಷಯಕ್ಕೆ ಸಹಿ ಹಾಕುವುದು ಎಂಥ ಅಪಾಯ ಅಂತ ಜಮೀನು ಪತ್ರ, ಸೊಸೈಟಿ ಸಾಲ ನೋಡಿದ ಅಪ್ಪಂದಿರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೆಲಸದಿಂದ ಬಂದ ತಕ್ಷಣ ಹೇಳಬೇಡ. ಊಟ ಆದ ಮೇಲೆ, ಅಮ್ಮನೂ ಇರುವಾಗ ಹೇಳು. ಅಪ್ಪ ಕಿವಿಗೇ ಹಾಕಿಕೊಳ್ಳದಿದ್ದರೆ ಅಮ್ಮ, ಸೋದರಮಾವ, ಅಜ್ಜಿ, ನಿನ್ನನ್ನು ಇಷ್ಟಪಡುವ ಇನ್ನೊಬ್ಬ ಮೇಷ್ಟ್ರು, ಯಾರಾದರೂ ಒಬ್ಬ ದೊಡ್ಡವರಿಗೆ ಸೋಮವಾರದೊಳಗೆ ಗೊತ್ತಾಗಲೇಬೇಕು. ಇದನ್ನು ನೀನೊಬ್ಬನೇ ಹೊರಬಾರದು.

ಇಲ್ಲಿಂದ ಮುಂದೆ ನಿಮ್ಮ ಅಪ್ಪನಿಗೆ. ಇದನ್ನು ಅವರಿಗೆ ಓದಲು ಕೊಡು.

ಅಣ್ಣಾ, ನೀವು ಹೋಗಬೇಕಾದ್ದು ಹೆಡ್‌ಮಾಸ್ಟರ್ ಹತ್ತಿರ. ಆ ಮೇಷ್ಟ್ರ ಹತ್ತಿರ ಜಗಳಕ್ಕೆ ಹೋಗಬೇಡಿ. ಒಂದು ಪುಟದ ಪತ್ರ ಬರೆದುಕೊಂಡು ಹೋಗಿ. ಏನಾಯಿತು, ಯಾವತ್ತು, ಮಗನಿಗೆ ಏನು ಹೇಳಿದರು, ಇಷ್ಟೇ ಇರಲಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಶಾಲೆಯ ಸೀಲು, ಸಹಿ ಹಾಕಿಸಿಕೊಳ್ಳಿ. ಹಾಕಿಕೊಡಲ್ಲ ಅಂದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಮೇಷ್ಟ್ರಿಗೆ ಶಿಕ್ಷೆ ಆಗಲಿ ಅಂತ ಮೊದಲ ಪತ್ರದಲ್ಲೇ ಬರೆಯಬೇಡಿ. ಮೂರು ವಿಷಯ ಕೇಳಿ. ಮಗನ ಆಂತರಿಕ ಅಂಕ ದಾಖಲೆಯ ಪ್ರಕಾರವೇ ಇರಲಿ. ಆ ಹಾಳೆಯನ್ನು ಪಕ್ಕಕ್ಕಿಡಲಿ. ವಿಚಾರಣೆ ಮಾಡಲೇಬೇಕು ಅಂದರೆ, ಪ್ರತಿ ವಿದ್ಯಾರ್ಥಿಯೂ ತಾನು ಏನು ನೋಡಿದ್ದು ಅಂತ ಬೇರೆ ಬೇರೆ ಕೂತು ತನ್ನ ಕೈಯಾರೆ ಬರೆಯಲಿ. ಈ ಮೂರನೆಯದನ್ನು ಒತ್ತಿ ಹೇಳಿ. ಒಬ್ಬರು ಬರೆಸಿ ಎಲ್ಲರೂ ಸಹಿ ಹಾಕಿದ್ದರಲ್ಲಿ ಏನೂ ತಿಳಿಯುವುದಿಲ್ಲ. ಮಕ್ಕಳು ಒಬ್ಬೊಬ್ಬರೇ ಬರೆದರೆ ‘ನಾನು ನೋಡಿಲ್ಲ’ ಅನ್ನುವ ಹಾಳೆ ಎಷ್ಟು ಬರುತ್ತವೆ ಅಂತ ಹೆಡ್‌ಮಾಸ್ಟರೇ ನೋಡಲಿ. ಬಹಳ ಹೆಡ್‌ಮಾಸ್ಟರ್‌ಗಳಿಗೆ ಇಂಥದ್ದು ನಡೆದಿದೆ ಅಂತಲೇ ಗೊತ್ತಿರುವುದಿಲ್ಲ. ಅಲ್ಲೇ ಮುಗಿದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಮುಗಿಯದಿದ್ದರೆ ತಾಲ್ಲೂಕಿನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ, ಅದರ ಮೇಲೆ ಹಾಸನದಲ್ಲಿ ಡಿಡಿಪಿಐ, ಅಂದರೆ ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರು. ಖಾಸಗಿ ಶಾಲೆಯಾದರೂ ಅವರ ವ್ಯಾಪ್ತಿಗೆ ಬರುತ್ತದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಮತ್ತು ಮಕ್ಕಳ ಕಲ್ಯಾಣ ಸಮಿತಿ ಜಿಲ್ಲೆಯಲ್ಲೇ ಇವೆ. ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಬೆಂಗಳೂರಿನಲ್ಲಿದೆ.

ಕಾನೂನಿನ ವಿಷಯದಲ್ಲಿ ಒಂದು ಗೊಂದಲ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಕ್ಕಳಿಗೆ ಹೊಡೆಯುವುದನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆದರೆ ಅದು 6ರಿಂದ 14 ವರ್ಷದ ಮಕ್ಕಳ ಕಾಯ್ದೆ. ‘ಹೈಸ್ಕೂಲಿಗೆ ಅದು ಬರಲ್ಲ’ ಅಂತ ಕೆಲವು ಕಡೆ ಹೇಳಿ ಕಳಿಸುತ್ತಾರೆ. ಅಷ್ಟಕ್ಕೇ ವಾಪಸ್ ಬರಬೇಡಿ. 2015ರ ಬಾಲ ನ್ಯಾಯ ಕಾಯ್ದೆ 18 ತುಂಬದ ಎಲ್ಲರಿಗೂ ಅನ್ವಯಿಸುತ್ತದೆ. ತಮ್ಮ ಸುಪರ್ದಿಯಲ್ಲಿರುವ ಮಗುವಿನ ಮೇಲೆ ಹಲ್ಲೆ, ದೌರ್ಜನ್ಯ ಮಾಡಿ ದೈಹಿಕವಾಗಿಯೋ ಮಾನಸಿಕವಾಗಿಯೋ ನೋವು ಕೊಡುವುದು ಅದರ 75ನೇ ಕಲಮಿನಲ್ಲಿ ಅಪರಾಧ. ಮಕ್ಕಳನ್ನು ನೋಡಿಕೊಳ್ಳುವ ಹೊಣೆ ಹೊತ್ತ ಸಂಸ್ಥೆಯ ನೌಕರರೇ ಹಾಗೆ ಮಾಡಿದರೆ 5 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಅಂತ ಅದು ಹೇಳುತ್ತದೆ. ಇದನ್ನು ಮೊದಲ ದಿನವೇ ಹೆಡ್‌ಮಾಸ್ಟರ್ ಮುಂದೆ ಝಳಪಿಸಬೇಡಿ. ಕಾನೂನು ಹೆಸರು ಕೇಳಿದ ಕೂಡಲೇ ಶಾಲೆಯವರು ಬಾಗಿಲು ಹಾಕಿಕೊಳ್ಳುತ್ತಾರೆ, ಮಾತು ನಿಲ್ಲುತ್ತದೆ. ನಿಮಗೆ ಗೊತ್ತಿರಲಿ ಅಂತ ಹೇಳಿದೆ. ಆದರೆ ಯಾರಾದರೂ ಮಗನ ಮೇಲಾಗಲಿ, ಆ ಇನ್ನೊಬ್ಬ ಹುಡುಗನ ಮೇಲಾಗಲಿ ಕೈ ಮಾಡಿದರೆ ಈ ಮೆಟ್ಟಿಲುಗಳೆಲ್ಲ ಬೇಡ. ಅವತ್ತೇ 1098ಕ್ಕೆ ಫೋನ್ ಮಾಡಿ. ಅದು ಮಕ್ಕಳ ಸಹಾಯವಾಣಿ, ಕರೆಗೆ ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ. ಮಗುವೇ ಫೋನ್ ಮಾಡಿದರೂ ಮಾತಾಡುತ್ತಾರೆ.

ಮತ್ತೆ ನಿನಗೆ. ನಿದ್ದೆ ಬರದಿದ್ದರೆ, ಶಾಲೆ ನೆನೆದರೆ ಹೊಟ್ಟೆ ತೊಳಸಿದರೆ, ಬದುಕೇ ಬೇಡ ಅನ್ನಿಸಿದರೆ 14416ಕ್ಕೆ ಕರೆ ಮಾಡು. ಟೆಲಿ ಮಾನಸ್ ಅಂತ ಸರ್ಕಾರದ್ದು. ಕನ್ನಡದಲ್ಲೇ ಮಾತಾಡಬಹುದು. ನಾಚಿಕೆ ಪಡುವಂಥದ್ದು ಇದರಲ್ಲಿ ಏನೂ ಇಲ್ಲ.

ಇಷ್ಟು ಹೊತ್ತು ನಿನ್ನ ವಿಷಯವೇ ಆಯಿತು. ಲೈನ್ ಮನೆಯ ಆ ಹುಡುಗ ನಿನಗಿಂತ ಒಂಟಿ. ನಿನ್ನ ಜೊತೆ ಕ್ಲಾಸು ಮಾತು ಬಿಟ್ಟಿದೆ, ಅವನಿಗೆ ಕಳ್ಳ ಅಂತ ಹೆಸರಿಟ್ಟಿದೆ. ಇದು ಕೊಯ್ಲಿನ ಕಾಲ. ಈಗ ಅವನು ಮನಸ್ಸು ಮುರಿದು ಶಾಲೆ ಬಿಟ್ಟರೆ ಮಾರನೇ ದಿನವೇ ಅಪ್ಪ ಅಮ್ಮನ ಜೊತೆ ಕಾಫಿ ಹಣ್ಣು ಬಿಡಿಸಲು ಹೋಗುತ್ತಾನೆ. ಕೂಲಿ ಸಿಗುತ್ತದೆ, ಯಾರೂ ಕೇಳುವುದಿಲ್ಲ. ಹಾಜರಾತಿ ಕಡಿಮೆಯಾಗುತ್ತದೆ, ಮಾರ್ಚಿನ ಪರೀಕ್ಷೆ ಕೈಬಿಡುತ್ತದೆ. ಆ ಹಾಳೆಯಿಂದ ಆಗಬಹುದಾದ ದೊಡ್ಡ ನಷ್ಟ ಇದು. ಕಳೆದುಹೋದ ಸೆಂಡ್‌ಆಫ್ ದುಡ್ಡು ಇದರ ಮುಂದೆ ಏನೂ ಅಲ್ಲ. ಅವನ ಪಕ್ಕ ಹೋಗಿ ‘ನಾನು ಸಹಿ ಹಾಕಿಲ್ಲ ಕಣೋ, ನಾಳೆ ಬಾ’ ಅಂತ ಒಂದು ಮಾತು ಹೇಳು. ಅವನು ಕದ್ದನೋ ಇಲ್ಲವೋ ಅಂತ ವಿಚಾರಣೆ ಮಾಡಬೇಡ. ಅದು ನಿನ್ನ ಕೆಲಸ ಅಲ್ಲ. ಬರದೇ ಇದ್ದರೆ ಅವತ್ತಿನ ನೋಟ್ಸ್ ಕಳಿಸು. ಅವನನ್ನು ಜಾತಿ ಹಿಡಿದು ಬೈದಿದ್ದನ್ನು ನೀನು ಕೇಳಿದ್ದರೆ ಅದನ್ನೂ ಪುಸ್ತಕದಲ್ಲಿ ಬರೆದು ಅಪ್ಪನಿಗೆ ಹೇಳು. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆಯಲು 1989ರ ಕಾಯ್ದೆ ಬೇರೆಯೇ ಇದೆ. ದೊಡ್ಡವರು ಅದನ್ನು ನೋಡಿಕೊಳ್ಳಬೇಕಾಗುತ್ತದೆ.

ಅವನ ಅಪ್ಪ ಅಮ್ಮ ಶಾಲೆಗೆ ಬರಲು ಹಿಂಜರಿಯಬಹುದು. ಒಂದು ದಿನದ ಕೂಲಿ ಹೋಗುತ್ತದೆ, ಆಫೀಸ್ ರೂಮಿನಲ್ಲಿ ಕೂರು ಅಂತಲೂ ಯಾರೂ ಹೇಳದೇ ಇರಬಹುದು. ನಿಮ್ಮ ಅಪ್ಪ ಹೋಗುವ ದಿನ ಅವರನ್ನೂ ಕರೆದುಕೊಂಡು ಹೋಗಲಿ. ಹಿಂದಿನ ದಿನ ಸಂಜೆಯೇ ಲೈನ್ ಮನೆ ಹತ್ತಿರ ಹೋಗಿ ಹೇಳಿಬಂದರೆ ಅವರು ತೋಟದ ಲೆಕ್ಕ ನೋಡುವ ರೈಟರ್ ಹತ್ತಿರ ರಜೆ ಕೇಳಿಕೊಳ್ಳುತ್ತಾರೆ. ಹೆಡ್‌ಮಾಸ್ಟರ್ ಎದುರು ಎರಡು ಮನೆಯವರು ಒಟ್ಟಿಗೆ ಕೂತಿರಲಿ. ಹೋಗಿಬಂದ ಮೇಲೆ ಏನಾಯಿತು ಅಂತ ನನಗೆ ಬರೆ. ಬಿಇಒಗೆ ಪತ್ರ ಬರೆಯಬೇಕಾಗಿ ಬಂದರೆ ಒಕ್ಕಣೆ ನಾನೇ ನೋಡಿಕೊಡುತ್ತೇನೆ.